ಕಾಲುವೆ ಬಂದ ಮೇಲೆ ನೆಲ ಹೇಗೆ ಬದಲಾಯಿತು? ನೀವೇ ನೋಡಿ, ಅಳೆದು ತಿಳಿಯುವ ದಾರಿ

ಗಂಗಾವತಿಯಿಂದ ಕಾರಟಗಿ ಮೇಲೆ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಕಾಣುವುದು ಭತ್ತ, ಮತ್ತೆ ಭತ್ತ, ನಡುನಡುವೆ ಅಕ್ಕಿ ಗಿರಣಿ. ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅಷ್ಟು ಮಳೆಗೆ ಜೋಳ, ಸಜ್ಜೆ, ನವಣೆ, ಹತ್ತಿ ಬೆಳೆಯಬಹುದು. ವರ್ಷಕ್ಕೆ ಎರಡು ಸಲ ಭತ್ತ ಬೆಳೆಯೋಕೆ ಆಗಲ್ಲ. ಇಷ್ಟು ನೀರು ಎಲ್ಲಿಂದ ಬಂತು ಅಂತ ಕೇಳಿದರೆ ಚಿಕ್ಕ ಮಕ್ಕಳೂ ಹೇಳುತ್ತಾರೆ: ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಆದರೆ ಬಂದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಸೀಮೆಯ ಭೂಗೋಳ ನಿಜವಾಗಿ ಬದಲಾಗುವುದು ಆ ಹೋಗುವ ದಾರಿಯಲ್ಲೇ. ಹಾಗಾಗಿ ಕಾಲುವೆಯನ್ನು ತಿಳಿಯಬೇಕು ಅಂದರೆ ಹಳ್ಳವನ್ನು ನೋಡಬೇಕು.

ಇದನ್ನು ಮಾಡೋಕೆ ಎಂಜಿನಿಯರ್ ಆಗಬೇಕಿಲ್ಲ. ಒಂದು ಫೋನ್, ಸಾಧ್ಯವಾದರೆ ಒಂದು ಕಂಪ್ಯೂಟರ್, ಉದ್ದ ಹಗ್ಗ, ನಾಲ್ಕು ಖಾಲಿ ಬಾಟಲಿ, ಒಂದು ನೋಟ್‌ಬುಕ್ ಸಾಕು. ಒಂದು ವರ್ಷದ ತಾಳ್ಮೆ ಮಾತ್ರ ಬೇಕು, ಯಾಕೆಂದರೆ ನೀರು ಬಿಟ್ಟಾಗ ಒಂದು ರೂಪ, ನಿಲ್ಲಿಸಿದಾಗ ಇನ್ನೊಂದು ರೂಪ. ನಾನು ಎಡದಂಡೆ ಕಾಲುವೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮೂರಿನದು ಭದ್ರಾ ಇರಲಿ, ನಾರಾಯಣಪುರ ಇರಲಿ, ಘಟಪ್ರಭಾ ಇರಲಿ, ದಾರಿ ಅದೇ.

ಮೊದಲು ಕಾಲುವೆಯ ಮೇಲ್ಮಗ್ಗುಲು, ಕೆಳಮಗ್ಗುಲು ಗುರುತಿಸಿ

ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಯಿತು, 1953ರಲ್ಲಿ ನೀರು ಹರಿಯಿತು. ಕೆಲಸ ಶುರುವಾದಾಗ ನದಿಯ ಎಡಕ್ಕೆ ಹೈದರಾಬಾದ್ ಸಂಸ್ಥಾನ, ಬಲಕ್ಕೆ ಮದ್ರಾಸ್ ಪ್ರಾಂತ್ಯ. ಅದಕ್ಕೇ ಎರಡೂ ದಂಡೆಗೆ ಬೇರೆ ಬೇರೆ ಕಾಲುವೆಗಳು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದ್ ಕಡೆಯಿಂದ ಹೊರಟು ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆಗೆ ಸುಮಾರು 227 ಕಿಲೋಮೀಟರ್ ಹೋಗುತ್ತದೆ. ಕಾಗದದ ಮೇಲಿನ ಅಚ್ಚುಕಟ್ಟು, ಅಂದರೆ ಕಾಲುವೆ ನೀರು ಸಿಗಬೇಕಾದ ನೆಲ, ಸುಮಾರು 6 ಲಕ್ಷ ಎಕರೆ.

ಇಂಥ ಕಾಲುವೆಗಳು ನೆಲದ ಏರಿನ ಅಂಚು ಹಿಡಿದುಕೊಂಡು ಸುತ್ತಿ ಬಳಸಿ ಹೋಗುತ್ತವೆ. ಇಳಿಜಾರು ತುಂಬಾ ಕಡಿಮೆ, ಸಾಮಾನ್ಯವಾಗಿ ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ಅಷ್ಟೇ. ಆದ್ದರಿಂದ ನೀರು ತಾನಾಗಿ ಇಳಿಯುವುದು ಒಂದೇ ಮಗ್ಗುಲಿಗೆ. ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ನದಿ ಬಲಕ್ಕೆ. ಕಾಲುವೆಗೂ ನದಿಗೂ ನಡುವಿನ ನೆಲವೇ ಅಚ್ಚುಕಟ್ಟು. ಎಡಕ್ಕಿರುವುದು ಮೇಲ್ಮಗ್ಗುಲು, ಅಲ್ಲಿಗೆ ನೀರು ಏರಲ್ಲ.

ಫೋನಿನಲ್ಲಿ ಉಪಗ್ರಹ ಚಿತ್ರ ತೆರೆದು ಗಂಗಾವತಿ ಸುತ್ತಮುತ್ತ ನೋಡಿ. ಕಾಲುವೆ ಗೆರೆಯ ಒಂದು ಕಡೆ ದಟ್ಟ ಹಸಿರು, ಇನ್ನೊಂದು ಕಡೆ ಮಾಸಲು ಕಂದು. ಆ ಗೆರೆ ಎಷ್ಟು ಚೂಪಾಗಿದೆ ಅಂತ ಗಮನಿಸಿ. ಪ್ರಕೃತಿಯಲ್ಲಿ ಮಳೆ, ಮಣ್ಣು, ಗಿಡಮರ ಹೀಗೆ ಒಂದೇ ಗೆರೆಗೆ ಸರಕ್ಕಂತ ಬದಲಾಗೋದು ಅಪರೂಪ. ಮೇಲ್ಮಗ್ಗುಲಲ್ಲೂ ಅಲ್ಲಲ್ಲಿ ಹಸಿರು ತೇಪೆಗಳು ಕಂಡರೆ ಗುರುತು ಹಾಕಿಕೊಳ್ಳಿ. ಅವು ಬೋರ್‌ವೆಲ್ ಇರಬಹುದು, ಕೆರೆ ಇರಬಹುದು, ಅಥವಾ ಕಾಲುವೆಗೇ ಮೋಟಾರ್ ಇಟ್ಟು ಎತ್ತಿದ ನೀರಿರಬಹುದು. ಯಾವುದು ಅಂತ ಆಮೇಲೆ ಊರಿಗೆ ಹೋದಾಗ ಗೊತ್ತಾಗುತ್ತದೆ.

ಎತ್ತರ ನೋಡೋಕೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಕಾಲುವೆಯಿಂದ ನದಿಯವರೆಗೆ ಅಡ್ಡಕ್ಕೆ ಒಂದು ಗೆರೆ ಎಳೆದು ಅದರ ಎತ್ತರದ ರೇಖೆ ತೋರಿಸು ಅಂದರೆ ಏರು ಎಲ್ಲಿ, ತಗ್ಗು ಎಲ್ಲಿ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಅದರಲ್ಲಿ ಕೆಲವು ಮೀಟರ್ ತಪ್ಪು ಇರುತ್ತದೆ, ಹಾಗಾಗಿ ಕಾಲುವೆಯ ಸಣ್ಣ ಇಳಿಜಾರನ್ನು ಅಲ್ಲಿ ಹುಡುಕಬೇಡಿ. ತಗ್ಗುಗಳನ್ನು ಮಾತ್ರ ಗುರುತು ಮಾಡಿಕೊಳ್ಳಿ. ನಮ್ಮ ಕೆಲಸ ಪೂರ್ತಿ ಆ ತಗ್ಗುಗಳಲ್ಲೇ ಇದೆ.

ಹಳೇ ನಕ್ಷೆ, ಹೊಸ ಚಿತ್ರ

ಎರಡು ಕಾಲದ ಚಿತ್ರ ಅಕ್ಕಪಕ್ಕ ಇಡದೆ ಬದಲಾವಣೆ ಅಂತ ಹೇಳೋದು ಸುಮ್ನೆ ಅಂದಾಜು. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ 1984ರಿಂದ ಈಚೆಗಿನದನ್ನು ತೋರಿಸುತ್ತದೆ. ನಾರಾಯಣಪುರ ಕಾಲುವೆಯವರಿಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಸುರಪುರ, ಶಹಾಪುರ ಕಡೆ ಹಸಿರು ಹರಡಿದ್ದು ಆ ವರ್ಷಗಳಲ್ಲೇ. ತುಂಗಭದ್ರೆಗೆ ಅಷ್ಟು ಸಾಲದು, 1984ರ ಹೊತ್ತಿಗೆ ಕಾಲುವೆಗೆ ಮೂವತ್ತು ವರ್ಷ ಆಗಿತ್ತು. ಅಮೆರಿಕದ ಸೇನೆಯವರು 1950ರ ದಶಕದಲ್ಲಿ ಅಚ್ಚು ಹಾಕಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಆನ್‌ಲೈನ್‌ನಲ್ಲಿ ಇಟ್ಟಿದೆ. ಅವುಗಳಿಗೆ ಆಧಾರ ಇನ್ನೂ ಹಳೆಯ ಸರ್ವೆ, ಹಾಗಾಗಿ ಕಾಲುವೆಗೆ ಮುಂಚಿನ ಹಳ್ಳ, ಕೆರೆ, ಬಂಡಿದಾರಿ ಸಿಗುವ ಸಾಧ್ಯತೆ ಜಾಸ್ತಿ. ಈಗಿನ ನಕ್ಷೆ ಬೇಕಾದರೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ಗಳನ್ನು ಅವರ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು.

ಋತು ಬದಲಾವಣೆ ನೋಡೋಕೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಬೆಸ್ಟ್. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಪುಕ್ಕಟೆ, ಸುಮಾರು ಐದು ದಿನಕ್ಕೊಂದು ಚಿತ್ರ. ಮಳೆಗಾಲದ್ದು ಬೇಡ, ಮೋಡ ಅಡ್ಡ ಬರುತ್ತದೆ, ಎಲ್ಲಾ ಕಡೆ ಹಸಿರೂ ಇರುತ್ತದೆ. ಮಾರ್ಚ್ ಕೊನೆಯದು ತೆಗೆಯಿರಿ. ಆಗ ಹಸಿರು ಕಂಡ ಕಡೆಯೆಲ್ಲಾ ನೀರು ಕೊಟ್ಟಿದ್ದಾರೆ ಅಂತಲೇ ಅರ್ಥ. ಮೇ ಕೊನೆಯದು ಇನ್ನೊಂದು ತೆಗೆಯಿರಿ. ಕಾಲುವೆ ನಿಂತು, ಬೇಸಿಗೆ ಭತ್ತದ ಕಟಾವು ಮುಗಿದ ಮೇಲೂ ಹಸಿರು ಉಳಿದ ಜಾಗಗಳು ಯಾವುವು? ಹೆಚ್ಚಾಗಿ ಅವು ಹಳ್ಳದ ಗುಂಟ ಇರುತ್ತವೆ. ಅಲ್ಲೇ ಬೆಳ್ಳಗೆ ಹೊಳೆಯುವ ತೇಪೆಗಳೂ ಕಂಡರೆ ಅವುಗಳ ಸುತ್ತ ಗೆರೆ ಹಾಕಿ. ಮರಳೋ, ಕಲ್ಲು ಕ್ವಾರಿಯೋ, ಉಪ್ಪೋ ಅಂತ ಹೋಗಿ ನೋಡಬೇಕು.

ಆ ಜಾಗದ ಸರ್ವೆ ನಂಬರ್ ತಿಳಿಯೋಕೆ ನಮ್ಮ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಸರ್ವೆ ನಂಬರ್ ಸಿಕ್ಕರೆ ಪಹಣಿ ತೆಗೆಸಬಹುದು, ಅದರಲ್ಲಿ ಖುಷ್ಕಿಯೋ (ಮಳೆ ನಂಬಿದ ಹೊಲ) ತರಿಯೋ (ನೀರಾವರಿ ಹೊಲ), ಯಾವ ಬೆಳೆ ಬರೆದಿದ್ದಾರೆ ಅಂತ ಇರುತ್ತದೆ. ಹಳೇ ಪಹಣಿಯಲ್ಲಿ ಜೋಳ, ಈಗಿನದರಲ್ಲಿ ಭತ್ತ, ನೆಲದಲ್ಲಿ ನೋಡಿದರೆ ಬೀಳು. ಈ ಮೂರೂ ಒಂದೇ ಹೊಲದ್ದಾದರೆ ನಿಮಗೆ ಅರ್ಧ ಕಥೆ ಅಲ್ಲೇ ಸಿಕ್ಕಿತು.

ಬಾವಿಗೆ ಹಗ್ಗ ಬಿಡಿ

ಈಗ ಊರಿಗೆ ಹೋಗಿ. ಮೊದಲು ಹುಡುಕಬೇಕಾದ್ದು ತೆರೆದ ಬಾವಿ. ಬಳಸದೆ ಬಿಟ್ಟಿದ್ದಾದರೆ ಇನ್ನೂ ಒಳ್ಳೇದು, ಮೋಟಾರ್ ಓಡಿ ನೀರು ಏರಿಳಿಯುವ ತೊಂದರೆ ಇಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಬಿಡಿ, ನೀರು ಮುಟ್ಟಿದ ಕಡೆ ಗಂಟು ಹಾಕಿ, ಎಳೆದು ಟೇಪ್ ಹಿಡಿದು ಅಳೆಯಿರಿ. ಬಾವಿಕಟ್ಟೆಯ ಎತ್ತರ ಕಳೆಯೋದು ಮರೀಬೇಡಿ, ನಮಗೆ ಬೇಕಾದ್ದು ನೆಲಮಟ್ಟದಿಂದ ನೀರಿನ ಆಳ. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ನಿಮಗೆ ಎರಡು ಸಲ ಆದರೂ ಸಾಕು: ಕಾಲುವೆಗೆ ನೀರು ಬಿಡುವ ಮುಂಚೆ ಮೇ ತಿಂಗಳಲ್ಲಿ ಒಂದು, ಮುಂಗಾರು ಭತ್ತ ಕೊಯ್ಲಿಗೆ ಬರುವ ನವೆಂಬರ್‌ನಲ್ಲಿ ಇನ್ನೊಂದು.

ಕಾಲುವೆಯ ಹತ್ತಿರ ಒಂದು, ನಡುವೆ ಒಂದು, ಹಳ್ಳದ ಹತ್ತಿರ ಒಂದು, ಮೇಲ್ಮಗ್ಗುಲಲ್ಲಿ ಒಂದು, ಹೀಗೆ ಸಾಲಾಗಿ ಬಾವಿ ಸಿಕ್ಕರೆ ಅದೃಷ್ಟ. ಅಂಕಿಗಳನ್ನು ಹೀಗೆ ಓದಿ. ನೀರು 2 ಮೀಟರ್ ಒಳಗೇ ಸಿಕ್ಕರೆ ಆ ನೆಲ ಜವಳು, ಅಂದರೆ ಬೇರಿನ ಮಟ್ಟಕ್ಕೆ ನೀರು ಬಂದ ನೆಲ, ಅಂತಲೇ ಲೆಕ್ಕ. 2ರಿಂದ 3 ಮೀಟರ್ ಆದರೆ ಜವಳಾಗುವ ಅಪಾಯ ಇದೆ. ಅದಕ್ಕಿಂತ ಕೆಳಗಿದ್ದರೆ ಸದ್ಯಕ್ಕೆ ಬೇರಿಗೆ ತೊಂದರೆ ಇಲ್ಲ.

ಹಿರಿಯರನ್ನು ಕೇಳುವಾಗ "ಮೊದಲು ನೀರು ಹೇಗಿತ್ತು" ಅಂತ ಕೇಳಿದರೆ "ಚೊಲೋ ಇತ್ರಿ" ಅಂತ ಉತ್ತರ ಬರುತ್ತದೆ, ಅದರಿಂದ ಏನೂ ಸಿಗಲ್ಲ. "ಅಜ್ಜಾರ, ಕಾಲುವೆ ಬರೋಕಿಂತ ಮೊದಲು ಈ ಬಾವ್ಯಾಗ ಬೇಸಿಗ್ಯಾಗ ಎಷ್ಟು ಮಾರು ಹಗ್ಗ ಬೇಕಿತ್ತು?" ಅಂತ ಕೇಳಿ. ಹಗ್ಗದ ಉದ್ದ ಜನಕ್ಕೆ ನೆನಪಿರುತ್ತದೆ, ನೀರು ಸೇದಿದವರು ಅವರೇ ಅಲ್ವಾ. ಅಜ್ಜಿಯರನ್ನು ಕೇಳಿದರೆ ಇನ್ನೂ ಖಚಿತ. ಯಾವ ಬಾವಿ ಸಿಹಿ, ಯಾವುದು ಸವಳು, ಯಾವುದರ ನೀರಲ್ಲಿ ಬೇಳೆ ಬೇಯಲ್ಲ ಅಂತ ಬಾವಿವಾರು ಹೇಳುತ್ತಾರೆ.

ಮಣ್ಣು ಏನು ಹೇಳುತ್ತದೆ

ನೀರಿನ ಮಟ್ಟ ಯಾಕೆ ಏರಿತು ಅನ್ನೋದಕ್ಕೆ ಉತ್ತರ ಮಣ್ಣಲ್ಲೂ ಇದೆ, ಬೆಳೆಯಲ್ಲೂ ಇದೆ. ಎಡದಂಡೆ ಕಾಲುವೆ ಮಾಡಿದ್ದು ಭತ್ತಕ್ಕೆ ಅಂತ ಅಲ್ಲ. ಬರ ಬಂದರೆ ಜೋಳ, ಹತ್ತಿ, ಶೇಂಗಾಗಳಿಗೆ ಅಷ್ಟಷ್ಟು ನೀರು ಕೊಟ್ಟು ಹೆಚ್ಚು ಜನರ ಬೆಳೆ ಉಳಿಸೋಣ ಅನ್ನೋದು ಮೂಲ ಲೆಕ್ಕ. ಯಾವ ಸರ್ವೆ ನಂಬರಿಗೆ ಮುಂಗಾರು ಲಘು ಬೆಳೆ, ಯಾವುದಕ್ಕೆ ಹಿಂಗಾರು, ಯಾವುದಕ್ಕೆ ಭತ್ತ ಅಂತ ಮುಂಚೆಯೇ ಗೊತ್ತು ಮಾಡಿದ್ದರು. ಭತ್ತಕ್ಕೆ ಇಟ್ಟಿದ್ದು ಸಣ್ಣ ಪಾಲು. ಕಾಲುವೆಯ ಮೇಲ್ಭಾಗದಲ್ಲಿ, ಅಂದರೆ ಅದು ಶುರುವಾಗುವ ಕಡೆ, ನೀರು ಧಾರಾಳವಾಗಿ ಸಿಕ್ಕಿತು, ಭತ್ತಕ್ಕೆ ಬೆಲೆ ಇತ್ತು, ಗದ್ದೆ ಹರಡಿತು. ಭತ್ತ ಜೋಳಕ್ಕಿಂತ ಎರಡು ಮೂರು ಪಟ್ಟು ನೀರು ಕುಡಿಯುತ್ತದೆ. ರೈತರನ್ನು ಬೈದು ಪ್ರಯೋಜನ ಇಲ್ಲ, ಪಕ್ಕದ ಹೊಲದಲ್ಲಿ ನೀರು ನಿಲ್ಲಿಸಿದ ಮೇಲೆ ನಿಮ್ಮ ಹೊಲದಲ್ಲಿ ಜೋಳ ಬರಲ್ಲ, ಬೇರು ಕೊಳೆಯುತ್ತದೆ. ಒಬ್ಬರು ಗದ್ದೆ ಮಾಡಿದರೆ ಪಕ್ಕದವರೂ ಗದ್ದೆ ಮಾಡಲೇಬೇಕಾಗುತ್ತದೆ.

ಇಲ್ಲಿನ ನೆಲದಲ್ಲಿ ಎರೆ ಭೂಮಿ ಜಾಸ್ತಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ, ನೀರು ಕೆಳಗೂ ಪಕ್ಕಕ್ಕೂ ಸರಿಯೋದು ತುಂಬಾ ನಿಧಾನ. ಹತ್ತಿರ ಬಂದ ಅಂತರ್ಜಲವನ್ನು ಮೇಲಿನ ಮಣ್ಣು ದೀಪದ ಬತ್ತಿ ಎಣ್ಣೆ ಎಳೆದಂತೆ ಎಳೆದುಕೊಳ್ಳುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಕರಗಿದ್ದ ಉಪ್ಪು ಮೇಲೆ ಉಳಿಯುತ್ತದೆ. ಹೀಗೆ ಆಗೋದನ್ನೇ ನಮ್ಮ ಕಡೆ ಸವಳು-ಜವಳು ಅಂತ ಒಟ್ಟಿಗೆ ಹೇಳೋದು.

ಕಾಲುವೆ ನೀರು ಸಿಹಿನೀರಲ್ವಾ, ಉಪ್ಪು ಎಲ್ಲಿಂದ ಅಂತ ಕೇಳಬಹುದು. ಸ್ವಲ್ಪ ಉಪ್ಪು ಮಣ್ಣಿನೊಳಗೆ ಮೊದಲೇ ಇರುತ್ತದೆ. ಉಳಿದದ್ದು ನೀರಿನ ಜೊತೆ ಬರುತ್ತದೆ. ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ನೀರಲ್ಲಿ 300 ಮಿಲಿಗ್ರಾಂ ಉಪ್ಪಿನಂಶ ಇದೆ ಅಂದುಕೊಳ್ಳಿ, ಕುಡಿದರೆ ನಾಲಿಗೆಗೂ ಗೊತ್ತಾಗಲ್ಲ. ಒಂದು ಭತ್ತದ ಬೆಳೆಗೆ ಎಕರೆಗೆ ಒಂದು ಮೀಟರ್ ನೀರು ಕೊಟ್ಟರೆ ಅದು ಸುಮಾರು 40 ಲಕ್ಷ ಲೀಟರ್. ಅಂದರೆ 1200 ಕೆಜಿ ಉಪ್ಪು. ನೀರು ಗಾಳಿಗೆ ಹೋಗುತ್ತದೆ, ಉಪ್ಪು ಹೋಗಲ್ಲ. ಅದು ಹೊಲ ಬಿಡಬೇಕಾದರೆ ಬಸಿದು ಹಳ್ಳಕ್ಕೆ ಸೇರಲೇಬೇಕು. ಈ ಲೆಕ್ಕ ಒಮ್ಮೆ ಮನಸ್ಸಿಗೆ ಬಂದರೆ ಹೊಲದ ಹೆಚ್ಚಿನ ನೀರು ಹೊರಗೆ ಒಯ್ಯುವ ಬಸಿಗಾಲುವೆ ಕಾಲುವೆಯಷ್ಟೇ ಮುಖ್ಯ ಅಂತ ನಿಮಗೇ ಅನ್ನಿಸುತ್ತದೆ.

ಪರೀಕ್ಷೆಗೆ ಬಾಟಲಿ ತೆಗೆಯಿರಿ. ಬೆಳ್ಳಗಾದ ಜಾಗದಿಂದ ಒಂದು ಹಿಡಿ ಮಣ್ಣು, ಚೆನ್ನಾಗಿ ಬೆಳೆ ಬರುವ ಜಾಗದಿಂದ ಒಂದು ಹಿಡಿ, ಎರಡನ್ನೂ ಒಣಗಿಸಿ ಬೇರೆ ಬೇರೆ ಬಾಟಲಿಗೆ ಹಾಕಿ. ಮಳೆನೀರು ಅಥವಾ ಡಿಸ್ಟಿಲ್ಡ್ ವಾಟರ್ ಹಾಕಿ ಅಲ್ಲಾಡಿಸಿ, ರಾತ್ರಿಯಿಡೀ ಬಿಡಿ. ಬೋರ್‌ನೀರು ಹಾಕಬೇಡಿ, ಅದರಲ್ಲೇ ಉಪ್ಪಿರುತ್ತದೆ. ಮಣ್ಣು ಬೇಗ ಕೆಳಗೆ ಕೂತು ಮೇಲೆ ನೀರು ತಿಳಿಯಾದರೆ ಉಪ್ಪು ಜಾಸ್ತಿ ಇರಬಹುದು. ಬೆಳಗ್ಗೆಯೂ ಬಗ್ಗಡವಾಗೇ ಇದ್ದರೆ ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣು ಇರಬಹುದು. ಇವೆರಡಕ್ಕೂ ಮದ್ದು ಬೇರೆ. ಬರೀ ಉಪ್ಪಾದರೆ ನೀರು ನಿಲ್ಲಿಸಿ ಬಸಿದು ತೊಳೆಯಬಹುದು, ಕ್ಷಾರವಾದರೆ ಮೊದಲು ಜಿಪ್ಸಂ ಬೇಕು. ಎರಡರಲ್ಲೂ ಬಸಿದು ಹೋಗೋಕೆ ದಾರಿ ಇರಬೇಕು.

ಬಾಟಲಿ ಬರೀ ಸುಳಿವು. ಖಚಿತ ಆಗಬೇಕಾದರೆ ಮಣ್ಣು ಪರೀಕ್ಷೆ ಮಾಡಿಸಿ. ವರದಿಯಲ್ಲಿ ಇಸಿ (ಉಪ್ಪು ಎಷ್ಟಿದೆ ಅಂತ ತೋರಿಸುವ ಅಂಕಿ) ಮತ್ತು ಪಿಎಚ್ (ಹುಳಿಯೋ ಕ್ಷಾರವೋ ಅಂತ ತೋರಿಸುವ ಅಂಕಿ) ನೋಡಿ. ಪಿಎಚ್ 8.5 ದಾಟಿದರೆ ಕ್ಷಾರದ ಅನುಮಾನ. ಇಸಿ 4 ದಾಟಿದರೆ ಸವಳು ಅಂತ ಪುಸ್ತಕದಲ್ಲಿ ಇರುತ್ತದೆ, ಆದರೆ ಅದು ಮಣ್ಣನ್ನು ನೀರಲ್ಲಿ ಕೆಸರು ಮಾಡಿ ಹೀರಿ ತೆಗೆದ ರಸದ ಲೆಕ್ಕ. ಹೆಚ್ಚಿನ ಲ್ಯಾಬ್‌ಗಳಲ್ಲಿ ಮಣ್ಣಿಗೆ ಎರಡು ಎರಡೂವರೆ ಪಟ್ಟು ನೀರು ಬೆರೆಸಿ ಅಳೆಯುತ್ತಾರೆ, ಆಗ ಅಂಕಿ ಕಡಿಮೆ ಬರುತ್ತದೆ. ಯಾವ ವಿಧಾನ ಅಂತ ಲ್ಯಾಬ್‌ನಲ್ಲೇ ಕೇಳಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ಸವಳು ಮಣ್ಣಿನ ಮೇಲೆಯೇ ಕೆಲಸ ಮಾಡಿದ್ದಾರೆ, ಅಲ್ಲಿಂದ ಬಂದ ಗಂಗಾವತಿ ಸೋನಾ ಭತ್ತದ ಹೆಸರು ನೀವು ಕೇಳಿರಬಹುದು. ಆ ಕಡೆಯವರು ವರದಿ ಹಿಡಿದು ಅಲ್ಲಿಗೆ ಹೋಗಿ ಮಾತಾಡಿ.

ಗಿಡಗಳನ್ನೂ ನೋಡಿ. ಆಪು (ಜೊಂಡು ಹುಲ್ಲು) ಬೆಳೆದ ಕಡೆ ವರ್ಷಪೂರ್ತಿ ನೀರು ನಿಲ್ಲುತ್ತದೆ. ಬೇವು, ಹುಣಸೆಯಂಥ ಹಳೇ ಮರಗಳು ಹೊಲದ ತಗ್ಗಿನಲ್ಲಿ ನಿಂತಲ್ಲೇ ಒಣಗಿದ್ದರೆ ನೀರು ಬೇರಿನ ಮಟ್ಟಕ್ಕೆ ಬಂದಿತ್ತಾ ಅಂತ ವಿಚಾರಿಸಿ. ಸುತ್ತ ಗದ್ದೆ ಇದ್ದು ನಡುವೆ ಒಂದು ತುಂಡು ಮಾತ್ರ ಜಾಲಿ ಪೊದೆ ಆಗಿದ್ದರೆ ಅಲ್ಲಿ ಮಣ್ಣು ತೆಗೆಯಿರಿ.

ಹಳ್ಳದ ಗುಂಟ ನಡೆಯಿರಿ

ಎಲ್ಲಾ ಬಿಟ್ಟು ಒಂದೇ ಕೆಲಸ ಮಾಡೋಕೆ ಸಮಯ ಇದೆ ಅಂದರೆ ಇದನ್ನೇ ಮಾಡಿ.

ಕಾಲುವೆ ಬರುವ ಮುಂಚೆ ಈ ಭಾಗದ ಹಳ್ಳಗಳು ಮಳೆ ಬಂದಾಗ ಉಕ್ಕಿ, ಬೇಸಿಗೆಯಲ್ಲಿ ಮರಳಾಗಿ ಮಲಗುತ್ತಿದ್ದವು. ಒರತೆ ತೋಡಿ ನೀರು ತರುತ್ತಿದ್ದರು. ಈಗ ಅವೇ ಹಳ್ಳಗಳಲ್ಲಿ ಗದ್ದೆಯಿಂದ ಬಸಿದ ನೀರು ಹರಿಯುತ್ತದೆ, ಕಾಲುವೆ ನಿಂತ ಎಷ್ಟೋ ದಿನ ಆದ ಮೇಲೂ. ಇದು ಸಣ್ಣ ಬದಲಾವಣೆ ಅಲ್ಲ. ಮಳೆಯ ಲೆಕ್ಕಕ್ಕೆ ಬದುಕುತ್ತಿದ್ದ ಹಳ್ಳ ಈಗ ಕಾಲುವೆಯ ಗೇಟಿನ ಲೆಕ್ಕಕ್ಕೆ ಬದುಕುತ್ತಿದೆ.

ಒಂದು ಹಳ್ಳ ಆರಿಸಿ. ಕಾಲುವೆ ಅದನ್ನು ದಾಟುವ ಜಾಗದಿಂದ ಶುರು ಮಾಡಿ. ಅಲ್ಲಿ ಹಳ್ಳ ಕಾಲುವೆಯ ಅಡಿಯಲ್ಲಿ ಹೋಗುತ್ತದಾ, ಮೇಲೆ ಹೋಗುತ್ತದಾ ನೋಡಿ. ಕಾಲುವೆಯ ಮೇಲ್ಮಗ್ಗುಲಲ್ಲಿ ಹಳ್ಳ ಒಣಗಿದೆಯಾ, ದಾಟಿದ ಮೇಲೆ ನೀರಿದೆಯಾ? ಬೇಸಿಗೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಡಿಯ ಮೋರಿ ಚಿಕ್ಕದಾಗಿದ್ದರೆ ಜೋರು ಮಳೆಯಲ್ಲಿ ಮೇಲ್ಮಗ್ಗುಲ ಹೊಲಗಳಲ್ಲಿ ನೀರು ಕಟ್ಟಿಕೊಳ್ಳುತ್ತದೆ, ಹಳೇ ನೀರಿನ ಗುರುತುಗಳು ಗೋಡೆಯ ಮೇಲೆ ಸಿಗುತ್ತವೆ.

ಅಲ್ಲಿಂದ ಕೆಳಕ್ಕೆ ಹೋಗುತ್ತಾ ಪ್ರತಿ ಸೇತುವೆಯಲ್ಲೂ ನಿಂತು ಫೋಟೋ ತೆಗೆಯಿರಿ. ಹಳ್ಳದ ಅಗಲ, ನೀರಿನ ಬಣ್ಣ, ಆಪು ಎಷ್ಟು ತುಂಬಿದೆ, ಒತ್ತುವರಿ ಆಗಿದೆಯಾ, ಮೋಟಾರ್ ಇಟ್ಟು ಯಾರಾದರೂ ಎತ್ತುತ್ತಿದ್ದಾರಾ ಅಂತ ಬರೆದುಕೊಳ್ಳಿ. ಮೋಟಾರ್ ಇಟ್ಟವರು ಕಾಲುವೆಯಿಂದ ನೀರು ಸಿಗದ ರೈತರೇ ಇರಬಹುದು, ಅವರಿಗೆ ಹಳ್ಳವೇ ಎರಡನೇ ಕಾಲುವೆ. ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಅಗ್ಗದ ಟಿಡಿಎಸ್ ಮೀಟರ್ ಕೈಗೆ ಸಿಕ್ಕರೆ ಕಾಲುವೆ ನೀರನ್ನೂ ಹಳ್ಳದ ನೀರನ್ನೂ ಅಳೆದು ನೋಡಿ. ಹಳ್ಳದ ಅಂಕಿ ಜಾಸ್ತಿ ಬಂದರೆ ಗಾಬರಿ ಬೇಡ, ಉಪ್ಪು ಹೊಲ ಬಿಟ್ಟು ಹೊರಗೆ ಹೋಗುತ್ತಿದೆ ಅಂತ ಅರ್ಥ. ಕುಡಿಯೋಕೆ ಮಾತ್ರ ಆ ನೀರು ಬೇಡ, ಗೊಬ್ಬರ ಔಷಧಿ ಎಲ್ಲಾ ಅದರಲ್ಲೇ ಬರುತ್ತದೆ. ಹೂಳು, ಆಪು ತುಂಬಿ ಹಳ್ಳ ನಿಂತೇ ಹೋಗಿದ್ದರೆ ನಿಜವಾಗಿ ಚಿಂತೆ ಮಾಡಬೇಕು. ಹಳ್ಳದ ನೀರು ಎಷ್ಟು ಮೇಲಕ್ಕೆ ನಿಲ್ಲುತ್ತದೋ ಅಕ್ಕಪಕ್ಕದ ಹೊಲದ ಅಂತರ್ಜಲವೂ ಅದಕ್ಕಿಂತ ಕೆಳಗೆ ಇಳಿಯಲ್ಲ.

ಇಲ್ಲೇ ವಿಜಯನಗರದ ಕಾಲುವೆಗಳನ್ನು ನೆನೆಯಬೇಕು. ಆನೆಗೊಂದಿ, ಗಂಗಾವತಿ, ಕಂಪ್ಲಿ, ಹೊಸಪೇಟೆ ಸುತ್ತ ಆ ಕಾಲದ ಕಾಲುವೆಗಳು ಇವತ್ತಿಗೂ ಹರಿಯುತ್ತಿವೆ. ನದಿಗೆ ಅಡ್ಡ ಕಲ್ಲಿನ ಒಡ್ಡು ಹಾಕಿ, ನದಿಯ ಪಕ್ಕದಲ್ಲೇ ನೀರು ತಂದು, ಪಕ್ಕದಲ್ಲೇ ಬಾಳೆ, ಕಬ್ಬು, ಭತ್ತ ಬೆಳೆಯುತ್ತಾರೆ. ಉಳಿದ ನೀರಿಗೆ ಹತ್ತಿರದಲ್ಲೇ ನದಿ ಇದೆ, ಇಳಿದು ಹೋಗುತ್ತದೆ. ಎಡದಂಡೆ ಕಾಲುವೆ ನೀರನ್ನು ನದಿಯಿಂದ ಬಹಳ ದೂರ ಒಯ್ದಿತು, ವಾಪಸ್ ಬರುವ ದಾರಿಯನ್ನು ಹಳ್ಳಗಳ ಪಾಲಿಗೆ ಬಿಟ್ಟಿತು. ಎರಡನ್ನೂ ಒಂದೇ ದಿನ ನೋಡಿದರೆ ಈ ವ್ಯತ್ಯಾಸ ತಾನಾಗೇ ಹೊಳೆಯುತ್ತದೆ.

ಒಂದು ಎಚ್ಚರಿಕೆ. ಕಾಲುವೆಯ ಲೈನಿಂಗ್ ಮೇಲೆ ಇಳಿಯಬೇಡಿ. ಪಾಚಿ ಕಟ್ಟಿದ ಸಿಮೆಂಟ್ ಇಳಿಜಾರಿನಲ್ಲಿ ಜಾರಿದರೆ ಈಜು ಬರುವವರಿಗೂ ಹತ್ತಿ ಬರೋದು ಕಷ್ಟ. ಹೊಲಕ್ಕೆ ಕಾಲಿಡುವ ಮುಂಚೆ ಹೊಲದವರನ್ನು ಕೇಳಿ.

ಮೇಲ್ಭಾಗ, ಕೆಳಭಾಗ

ಮುಖ್ಯ ಕಾಲುವೆಯನ್ನು ಈಗಲೂ ಮೈಲಿ ಲೆಕ್ಕದಲ್ಲೇ ಗುರುತಿಸುತ್ತಾರೆ. 69ನೇ ಮೈಲಿ, 104ನೇ ಮೈಲಿ ಅಂದರೆ ಆ ಕಡೆಯ ರೈತರಿಗೆ ತಕ್ಷಣ ತಿಳಿಯುತ್ತದೆ. ಗೇಜ್ (ಕಾಲುವೆಯಲ್ಲಿ ನೀರಿನ ಮಟ್ಟ) ಎಷ್ಟು ಅಡಿ ಇದೆ ಅನ್ನೋದೇ ಕೆಳಭಾಗದ ಊರುಗಳಲ್ಲಿ ಬೆಳಗ್ಗಿನ ಮೊದಲ ಮಾತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ನೀರಿಗಾಗಿ ರಸ್ತೆ ತಡೆದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೇಲೆ ನೀರು ಹೆಚ್ಚಾಗಿ ನೆಲ ಸವಳಾಗುವುದು, ಕೆಳಗೆ ನೀರು ಸಾಲದೆ ಬೆಳೆ ಒಣಗುವುದು, ಎರಡೂ ಒಂದೇ ಕಾಲುವೆಯಲ್ಲಿ ಒಂದೇ ವರ್ಷ ನಡೆಯುತ್ತದೆ.

ಆದ್ದರಿಂದ ಒಂದೇ ಊರು ನೋಡಿ ತೀರ್ಮಾನ ಮಾಡಬೇಡಿ. ತಲೆಯ ಕಡೆ ಒಂದು ಊರು, ನಡುವೆ ಒಂದು, ಬಾಲದ ಕಡೆ ಒಂದು, ಕಾಲುವೆಯ ಮೇಲ್ಮಗ್ಗುಲಲ್ಲಿ ಒಂದು. ಉಪಕಾಲುವೆಯ ಒಳಗೂ ಇದೇ ಆಟ ಇರುತ್ತದೆ, ತೂಬಿನ ಬಾಯಿಯ ಹೊಲ ಬೇರೆ, ಕೊನೆಯ ಹೊಲ ಬೇರೆ. ಮೇಲ್ಮಗ್ಗುಲ ಊರನ್ನು ಬಿಡಲೇಬೇಡಿ. ಎಡದಂಡೆ ಕಾಲುವೆ ಮುಟ್ಟದ, ರಾಯಚೂರು ಜಿಲ್ಲೆಯ ಪಾಮನಕಲ್ಲೂರು ಭಾಗದ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ 2020–21ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಪಕ್ಕದ ಸೀಮೆಯ ಹಸಿರನ್ನು ದಿನಾ ನೋಡುತ್ತಾ ಬಂಡಿಗಟ್ಟಲೆ ಸಾಮಾನು ಕಟ್ಟಿ ಬೆಂಗಳೂರಿಗೆ ಗುಳೆ ಹೋಗುವವರ ಸಂಕಟ ಸಣ್ಣದಲ್ಲ. ಕಾಲುವೆಯ ಭೂಗೋಳದಲ್ಲಿ ಅವರ ಊರೂ ಸೇರಿದೆ.

ಊರುಗಳ ಹೆಸರು, ಅಡುಗೆ, ಸಂತೆ

ನೆಲ ಬದಲಾದರೆ ಜನ ಬದಲಾಗುತ್ತಾರೆ, ಇದನ್ನೂ ಬರೆದುಕೊಳ್ಳಿ. ಕರಾವಳಿ ಆಂಧ್ರದಿಂದ ಗದ್ದೆ ಕೆಲಸ ಬಲ್ಲ ರೈತರು ಬಂದು ಭೂಮಿ ಕೊಂಡು ನೆಲೆಸಿದರು, ಅವರ ಊರುಗಳಿಗೆ ಕ್ಯಾಂಪ್ ಅಂತಲೇ ಹೆಸರು. ನಕ್ಷೆಯಲ್ಲಿ ಕ್ಯಾಂಪ್ ಅನ್ನೋ ಹೆಸರುಗಳಿಗೆಲ್ಲಾ ಚುಕ್ಕಿ ಇಟ್ಟರೆ ನೀರು ಎಲ್ಲಿ ಹರಿದಿದೆ ಅಂತ ಚುಕ್ಕಿಗಳೇ ತೋರಿಸುತ್ತವೆ. ಸಿಂಧನೂರು ಹತ್ತಿರದ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿ ನಿರಾಶ್ರಿತರಿಗೆ ನೆಲೆ ಕೊಟ್ಟರು, ಇವತ್ತಿಗೂ ಅಲ್ಲಿ ಬಂಗಾಳಿ ಮಾತು ಕೇಳುತ್ತದೆ. ಅಕ್ಕಿ ಗಿರಣಿಗಳು ಗಂಗಾವತಿ, ಕಾರಟಗಿ, ಸಿಂಧನೂರನ್ನು ದೊಡ್ಡ ಪೇಟೆ ಮಾಡಿದವು. 2024ರಲ್ಲಿ ಸಿಂಧನೂರಿಗೆ ರೈಲೂ ಬಂತು.

ಮನೆಗಳಲ್ಲಿ ಕೇಳಿ: ವಾರಕ್ಕೆ ಎಷ್ಟು ದಿನ ಜೋಳದ ರೊಟ್ಟಿ, ಎಷ್ಟು ದಿನ ಅನ್ನ? ಜೋಳ ಸ್ವಂತ ಹೊಲದ್ದೋ, ಸಂತೆಯದ್ದೋ? ಎಮ್ಮೆ, ಕುರಿ ಮೇಯಿಸುವ ಜಾಗ ಎಲ್ಲಿ ಹೋಯಿತು? ಜೋಳದ ಕಣಿಕೆಯ ಬಣವೆ ಹೋಗಿ ಭತ್ತದ ಹುಲ್ಲು ಬಂದಿದೆಯಾ? ಆರೋಗ್ಯದ ಬಗ್ಗೆಯೂ ಕೇಳಬೇಕು. ನಿಂತ ನೀರು ಅಂದರೆ ಸೊಳ್ಳೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಮಕ್ಕಳಿಗೆ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಹಾಕುತ್ತಾರೆ. ಗದ್ದೆಯಲ್ಲಿ ಹುಟ್ಟುವ ಸೊಳ್ಳೆಗಳೇ ಆ ಜ್ವರವನ್ನು ಹರಡೋದು.

ಕಾಲುವೆಯ ತಲೆಯನ್ನೂ ಒಮ್ಮೆ ನೋಡಿ

ಜಲಾಶಯ ಶುರುವಾದಾಗ ಅದರ ಸಾಮರ್ಥ್ಯ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯುವುದು ಸುಮಾರು 105 ಟಿಎಂಸಿ. ಆ ಹೂಳು ಮಲೆನಾಡಿನಿಂದ ಹಿಡಿದು ದಾರಿಯುದ್ದದ ಹೊಲಗಳ ಮಣ್ಣು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಉಸಿರು ಹಿಡಿದು ಕೂತಿತ್ತು. ತಾತ್ಕಾಲಿಕ ಗೇಟು ಕೂರಿಸಿ ನೀರು ಉಳಿಸಿದರು. ಒಂದು ಚೈನಿನ ಮೇಲೆ ಲಕ್ಷಾಂತರ ಎಕರೆ ನಿಂತಿದೆ ಅಂತ ಆವತ್ತು ಎಲ್ಲರಿಗೂ ಅರ್ಥವಾಯಿತು.

ಮಂಡ್ಯ ಕಡೆಯವರಿಗೆ ಒಂದು ಮಾತು. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗದೊಳಗೆ ಹಾದು ಕಾವೇರಿಯ ನೀರನ್ನು ಆಚೆ ಕಡೆಯ ಕಣಿವೆಗೆ ತಂದಿತು. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆ. ಅಲ್ಲಿ ನೆಲ ಬಹಳ ಕಡೆ ಕೆಂಪು, ಎರೆಗಿಂತ ಬೇಗ ಬಸಿಯುತ್ತದೆ. ಹಾಗಾಗಿ ನಿಮಗೆ ಬಿಳಿ ತೇಪೆಗಿಂತ ಕೆರೆಗಳನ್ನು ಹಿಂಬಾಲಿಸೋದು ಲಾಭ. ಮಳೆಗೆ ತುಂಬುತ್ತಿದ್ದ ಯಾವ ಕೆರೆ ಈಗ ನಾಲೆಯ ನೀರಿಗೆ ತುಂಬುತ್ತದೆ, ಅದರ ಕೋಡಿ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಂದೊಂದೇ ಕೆರೆ ಹಿಡಿದು ನೋಡುತ್ತಾ ಹೋಗಿ.

ಬರೆದದ್ದನ್ನು ಏನು ಮಾಡಬೇಕು

ಪ್ರತಿ ಅಳತೆಗೂ ತಾರೀಖು, ಸರ್ವೆ ನಂಬರ್, ಕಾಲುವೆಯಲ್ಲಿ ಆವತ್ತು ನೀರಿತ್ತಾ ಇಲ್ಲವಾ ಅಂತ ಬರೆಯಿರಿ. ಇದಿಲ್ಲದ ಅಂಕಿ ಮುಂದಿನ ವರ್ಷ ನಿಮಗೇ ಅರ್ಥವಾಗಲ್ಲ. ಫೋಟೋ ಪ್ರತಿ ಸಲ ಅದೇ ಜಾಗದಿಂದ, ಅದೇ ದಿಕ್ಕಿಗೆ ತೆಗೆಯಿರಿ. ಹೊಲದ ಯಜಮಾನರಿಗೆ ಮಣ್ಣಿನ ವರದಿಯ ಒಂದು ಪ್ರತಿ ಕೊಡಿ, ಅದು ಅವರ ಮಣ್ಣು.

ಇದೆಲ್ಲಾ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ "ಹಳ್ಳ ಹೂಳೆತ್ತಿಸಿ" ಅಂತ ಸುಮ್ನೆ ಕೇಳೋದಕ್ಕಿಂತ, ಯಾವ ಸೇತುವೆಯಿಂದ ಯಾವ ಸೇತುವೆವರೆಗೆ ಹಳ್ಳ ನಿಂತಿದೆ, ಅದರಿಂದ ಯಾವ ಯಾವ ಸರ್ವೆ ನಂಬರಿನಲ್ಲಿ ನೀರು 2 ಮೀಟರ್ ಒಳಗೆ ಬಂದಿದೆ ಅಂತ ತೋರಿಸಿ ಕೇಳಬಹುದು. ಪಂಚಾಯಿತಿ ಕ್ರಿಯಾ ಯೋಜನೆಗೆ ಸೇರಿಸೋಕೆ ಅಷ್ಟು ವಿವರ ಇದ್ದರೆ ಸುಲಭ. ಮುನಿರಾಬಾದ್‌ನ ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಚೇರಿಗೂ ಒಂದು ಪ್ರತಿ ಕೊಡಿ, ಬಸಿಗಾಲುವೆ ವಿಷಯ ಅವರ ಕೆಲಸದ ವ್ಯಾಪ್ತಿಯಲ್ಲೇ ಬರುತ್ತದೆ.

ಶುರು ಮಾಡೋಕೆ ಮೇ ತಿಂಗಳೇ ಸರಿ. ಕಾಲುವೆಗೆ ನೀರು ಬಿಟ್ಟ ಮೇಲೆ ಮೊದಲ ಅಳತೆ ತೆಗೆದರೆ ಬಾವಿಯ ಆ ವರ್ಷದ ಕೆಳಮಟ್ಟ ನಿಮಗೆ ಸಿಗಲ್ಲ, ಮತ್ತೆ ಮುಂದಿನ ಬೇಸಿಗೆವರೆಗೆ ಕಾಯಬೇಕಾಗುತ್ತದೆ.